ಅಂಗೈ ಹೇಳಿದ ಸುಳ್ಳು

ವಿರೂಪಾಕ್ಷಿ ಯಾವ ವಸ್ತುವನ್ನೇ ಆಗಲಿ, ಮೊದಲು ಅಂಗೈ ಮೇಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸದೆ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಚಹದ ಲೋಟ, ಡಸ್ಟರು, ಹುಡುಗರ ನೋಟ್‌ಬುಕ್ಕು, ಮದುವೆಯ ಕರೆಯೋಲೆ, ಎಲ್ಲಕ್ಕೂ ಅದೇ ಮರ್ಯಾದೆ. ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆಗಳ ಕಟ್ಟನ್ನು ಹಾಗೆ ಎತ್ತಿ, "ಇದರಾಗ ಮೂವತ್ತೆಂಟು ಅದಾವ ನೋಡ್ರಿ" ಎನ್ನುತ್ತಿದ್ದರು. ನಾನು ಎಣಿಸುತ್ತಿದ್ದೆ. ಪ್ರತಿ ಸಲವೂ ಎಣಿಸುತ್ತಿದ್ದೆ, ಒಮ್ಮೆಯಾದರೂ ತಪ್ಪಲಿ ಎಂಬ ಆಸೆಯಿಂದ. ಒಂದು ಸಲ ಮೂವತ್ತೇಳು ಬಂತು. ಅವತ್ತು ನಾನು ಎರಡು ಚಹ ಕುಡಿದೆ, ಅವರಿಗೂ ಒಂದು ಕೊಡಿಸಿದೆ. ಸಂಜೆ ನೋಡಿದರೆ, ಎಣಿಸುವಾಗ ಜಾರಿದ್ದ ಒಂದು ಪತ್ರಿಕೆ ನನ್ನ ಕುರ್ಚಿಯ ಕೆಳಗೇ ಬಿದ್ದಿತ್ತು. ಆ ಸಂಗತಿ ಅವರಿಗೆ ನಾನು ಹೇಳಲಿಲ್ಲ.

ಹೊಸಪೇಟೆಯ ನಮ್ಮ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ನಾವಿಬ್ಬರೇ. ಎ ಸೆಕ್ಷನ್ ಅವರದು, ಬಿ ಸೆಕ್ಷನ್ ನನ್ನದು. ನಾನು ಅವರಿಗಿಂತ ಒಂಬತ್ತು ವರ್ಷ ಮೊದಲು ಸೇರಿದವನು. ಅವರು ಬಂದದ್ದು ಸಂಡೂರಿನ ಹತ್ತಿರದ ಯಶವಂತನಗರದಿಂದ. ಅಲ್ಲಿ ಗಣಿಯೊಂದರ ಲ್ಯಾಬಿನಲ್ಲಿ ಅದಿರಿನ ಸ್ಯಾಂಪಲ್ ನೋಡುವ ಕೆಲಸದಲ್ಲಿದ್ದರು. ಗಣಿ ನಿಂತು ಹೋದ ಮೇಲೆ, ಎಂದೋ ಮಾಡಿಟ್ಟಿದ್ದ ಎಂ.ಎಸ್ಸಿ.ಯನ್ನು ಹುಡುಕಿ ತೆಗೆದು ಮೇಷ್ಟ್ರಾದರು. ಆಗ ಅವರಿಗೆ ನಲವತ್ತರ ಹತ್ತಿರ. ಅದಿರಿನ ಗಟ್ಟಿ ಕೈಗೆ ಬಂದರೆ ಸಾಕು, ಅದರಲ್ಲಿ ನೂರಕ್ಕೆ ಎಷ್ಟು ಕಬ್ಬಿಣವಿದೆ ಎಂದು ಲ್ಯಾಬಿನವರಿಗಿಂತ ಮೊದಲೇ ಹೇಳುತ್ತಿದ್ದರಂತೆ. ಅವರ ಬಿಳಿ ಅಂಗಿಗಳ ಕಾಲರಿನಲ್ಲಿ ಕೆಂಪು ಧೂಳಿನ ಗೆರೆ ಕೊನೆಯವರೆಗೂ ಉಳಿದಿತ್ತು. ಸಂಡೂರಿನ ಬಸ್ಸಿಳಿದು ಹೆಗಲಿಗೆ ಕಲ್ಲಿನ ಚೀಲ ಹಾಕಿಕೊಂಡು ಬರುವವರನ್ನು ಕಂಡು ಮೊದಲ ದಿನ ನಮ್ಮ ಗೇಟಿನವನು ಒಳಗೆ ಬಿಟ್ಟಿರಲಿಲ್ಲ. ನಾನು ಅದನ್ನು ಮಹಡಿಯಿಂದ ನೋಡುತ್ತ ನಿಂತಿದ್ದೆ, ಕೆಳಗಿಳಿದು ಹೋಗಲಿಲ್ಲ. ನಮ್ಮ ಸಂಬಂಧ ಶುರುವಾದದ್ದೇ ಹಾಗೆ.

ಪ್ರತಿ ವರ್ಷ ಮೊದಲ ತರಗತಿಗೆ ಅವರು ಚೀಲ ಬಿಚ್ಚಿ, ಒಂದೇ ಅಳತೆಯ ಎರಡೆರಡು ಕಲ್ಲನ್ನು ಹುಡುಗರ ಕೈಗೆ ಕೊಡುತ್ತಿದ್ದರು. ಒಂದು ಅದಿರು, ಒಂದು ಬರೀ ಕಲ್ಲು. ಕಣ್ಣು ಮುಚ್ಚಿ ಹೇಳಬೇಕು. ಸಂಡೂರಿನ ಕಡೆಯ ಮಕ್ಕಳು ಥಟ್ಟನೆ ಹೇಳಿಬಿಡುತ್ತಿದ್ದರು. ಭತ್ತದ ಸೀಮೆ ಕಂಪ್ಲಿಯ ಹುಡುಗರು ತಡವರಿಸಿದರೆ, ಇನ್ನೊಂದು ಚೀಲದಿಂದ ಎರಡು ಹಿಡಿ ಭತ್ತ ತೆಗೆದು ಕೊಡುತ್ತಿದ್ದರು, ಒಂದು ಗಟ್ಟಿ, ಒಂದು ಜೊಳ್ಳು. ಆಗ ಗೆಲ್ಲುವುದು ಕಂಪ್ಲಿಯವರು, ಸಂಡೂರಿನವರು ಪೆಚ್ಚು. "ನೋಡ್ರಪಾ, ಯಾರ ಕೈಯೂ ದಡ್ಡ ಅಲ್ಲ. ಮೊದಲು ಕೈಗೆ ಕೇಳ್ರಿ, ಆಮ್ಯಾಲೆ ಸೂತ್ರಕ್ಕ ಕೇಳ್ರಿ" ಎನ್ನುವುದು ಅವರ ಮಾತು. ಗೋಡೆಯ ಈಚೆ ನಾನು ಮಾಪನದ ಏಕಮಾನಗಳನ್ನು ಬರೆಸುತ್ತಿದ್ದೆ. ಆಚೆಯಿಂದ ನಗು ಕೇಳಿಸುತ್ತಿತ್ತು. ನನ್ನ ಹುಡುಗರ ತಲೆಗಳು ಆ ಗೋಡೆಯ ಕಡೆ ತಿರುಗುವುದನ್ನು ನೋಡಿ ನಾನು ದನಿ ಇನ್ನಷ್ಟು ಏರಿಸಿ ಬರೆಸುತ್ತಿದ್ದೆ. ಹೊಟ್ಟೆಕಿಚ್ಚು ಎಂಬುದಕ್ಕೆ ನಾನು ಬೇರೆ ಹೆಸರು ಇಡುವುದಿಲ್ಲ, ಈ ವಯಸ್ಸಿನಲ್ಲಿ ಇಟ್ಟು ಏನಾಗಬೇಕು?

ನಗುವನ್ನು ಹೇಗೋ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ನನ್ನ ಮಗಳು ಪಲ್ಲವಿ ಅವರ ಸೆಕ್ಷನ್ನಿಗೆ ಬಿದ್ದದ್ದು. ಪಟ್ಟಿಯಲ್ಲಿ ಹಾಗೆ ಬಂತು. ಬದಲಾಯಿಸಿ ಎಂದು ಪ್ರಿನ್ಸಿಪಾಲರನ್ನು ಕೇಳಿದರೆ, "ಅಪ್ಪನ ಸೆಕ್ಷನ್ ಯಾಕ್ರೀ, ಮಾರ್ಕ್ಸ್ ಹಾಕಿದ್ರ ಜನ ಮಾತಾಡ್ತಾರ" ಎಂದರು. ಹತ್ತನೆಯ ತರಗತಿಯವರೆಗೆ ಪಲ್ಲವಿಗೆ ಯಾವ ಲೆಕ್ಕ ಬಿಡಿಸಿ ಕೊಡಬೇಕಿದ್ದರೂ ನಾನೇ. ಊಟಕ್ಕೆ ಕುಳಿತರೂ ಪಕ್ಕದಲ್ಲಿ ಪೆನ್ಸಿಲು ಇರುತ್ತಿತ್ತು. ಈಗ ನಾನು ಏನಾದರೂ ಹೇಳಲು ಬಾಯಿ ತೆರೆದರೆ, "ತಡಿ ಅಪ್ಪಾ, ವಿರೂಪಾಕ್ಷಿ ಸರ್ ನಾಳೆ ಹೇಳ್ತಾರ" ಎನ್ನುತ್ತಿದ್ದಳು. ಅವಳೂ ಅಡುಗೆಮನೆಯಲ್ಲಿ ಬದನೆಕಾಯಿಯನ್ನು ಅಂಗೈ ಮೇಲೆ ಆಡಿಸಲು ಶುರು ಮಾಡಿದಳು. ಅಪ್ಪನೂ ಭೌತಶಾಸ್ತ್ರದ ಮೇಷ್ಟ್ರೇ ಎಂಬುದು ನಮ್ಮ ಮನೆಯಲ್ಲಿ ಮರೆತೇ ಹೋಗುತ್ತದೆ ಎಂಬ ಭಯ ನನಗೆ ಬಂತು.

ಪಲ್ಲವಿ ಶಾಲೆಯ ದಿನಗಳಿಂದಲೂ ಮನೆಗೆ ಬಂದೊಡನೆ ನೋಟ್‌ಬುಕ್ಕುಗಳನ್ನು ಟೀಪಾಯಿಯ ಮೇಲೆ ಇಡುತ್ತಿದ್ದಳು, ಅಪ್ಪ ನೋಡಲಿ ಎಂದು. ಆ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ನಾನು ಅವಳ ಅಕ್ಷರ ನೋಡುವುದನ್ನು ಬಿಟ್ಟು ಅವರ ಪಾಠ ನೋಡತೊಡಗಿದೆ. ಅವಳು ಟೆರೇಸಿಗೆ ಬಟ್ಟೆ ತೆಗೆಯಲು ಹೋದಾಗ ಪುಟ ತಿರುವುತ್ತಿದ್ದೆ. ನನ್ನ ಹೆಂಡತಿ ಗಿರಿಜಾ ಒಮ್ಮೆ ನೋಡಿ, "ಮದುವಿಗಿಂತ ಮುಂಚೆ ನಾ ಬರೆದ ಕಾಗದನೂ ಇಷ್ಟು ಮನಸಿಟ್ಟು ಓದಿರಲಿಲ್ಲ ನೀವು" ಎಂದಳು. ಒಂದೂವರೆ ವರ್ಷ ಓದಿದೆ. ಒಂದು ತಪ್ಪೂ ಸಿಗಲಿಲ್ಲ. ಪರಮಾಣುವಿನ ಬೀಜ ಅಂದರೆ ನ್ಯೂಕ್ಲಿಯಸ್ಸಿನ ಪಾಠ ಬಂದಾಗ ಸಿಕ್ಕಿತು.

ಪುಟದ ನಡುವೆ, ಚೌಕಟ್ಟು ಹಾಕಿ ಬರೆದಿದ್ದಳು: 'ಸೀಸದ ನ್ಯೂಕ್ಲಿಯಸ್ಸು ಅಲ್ಯೂಮಿನಿಯಮ್ಮಿನ ನ್ಯೂಕ್ಲಿಯಸ್ಸಿಗಿಂತ ಹೆಚ್ಚು ಸಾಂದ್ರ. ಕೈಯೇ ಸಾಕ್ಷಿ.'

ನಾನು ಆ ಸಾಲನ್ನು ನಾಲ್ಕು ಸಲ ಓದಿದೆ. ಜಗತ್ತಿನ ಯಾವ ನ್ಯೂಕ್ಲಿಯಸ್ಸನ್ನೇ ತೆಗೆದುಕೊಳ್ಳಿ, ಹಗುರ ಧಾತುವಿನದಾಗಲಿ ಭಾರ ಧಾತುವಿನದಾಗಲಿ, ಅದರ ಸಾಂದ್ರತೆ ಹೆಚ್ಚು ಕಡಿಮೆ ಒಂದೇ. ಸೀಸದ್ದು ಹೆಚ್ಚಲ್ಲ, ಅಲ್ಯೂಮಿನಿಯಮ್ಮಿನದು ಕಡಿಮೆಯಲ್ಲ. ಸೆಕೆಂಡ್ ಪಿಯುನಲ್ಲಿ ಇದಕ್ಕಿಂತ ಪುಟ್ಟ ಪ್ರಶ್ನೆ ಇಲ್ಲ, ಒಂದು ಮಾರ್ಕಿನದು. ಅದರಲ್ಲಿ ಅವರು ಬಿದ್ದಿದ್ದರು. ಅವರು ಯಾಕೆ ಬಿದ್ದರೆಂದು ನನಗೆ ಕೂಡಲೇ ಗೊತ್ತಾಯಿತು. ಹುಟ್ಟಿದಾಗಿನಿಂದ ಅದಿರು ಎತ್ತಿದ ಕೈ, ಒಂದೇ ಅಳತೆಯದು ಭಾರವಿದ್ದರೆ ಅದರೊಳಗಿನ ಸರಕೇ ಗಟ್ಟಿ ಎಂದು ಕಲಿತ ಕೈ. ನಮ್ಮ ಗಣಿ ಸೀಮೆಯವರಿಗಲ್ಲದೆ ಬೇರೆಯವರಿಗೆ ಇಷ್ಟು ನಂಬಿಕೆಯಿಂದ ಈ ತಪ್ಪು ಮಾಡಲು ಬರುವುದಿಲ್ಲ. ಅವತ್ತು ಊಟಕ್ಕೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಸ್ಟಾಫ್ ರೂಮಿನಲ್ಲಿ ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಯಾರಾದರೂ ಹಾಗೇ ಮಾಡುತ್ತಾರೆ. ಮರುದಿನ ಅವರ ತರಗತಿ ಶುರುವಾಗಿ ಹತ್ತು ನಿಮಿಷವಾಗುವವರೆಗೆ ಕಾದು, ಹೊಸ ಸೀಮೆಸುಣ್ಣ ಹಿಡಿದುಕೊಂಡು ಒಳಗೆ ಹೋದೆ.

"ಕ್ಷಮಿಸ್ರಿ ಸರ್, ಒಂದು ನಿಮಿಷ. ನಿನ್ನೆ ಬರೆಸಿದ್ದರೊಳಗ ಸ್ವಲ್ಪ ತಪ್ಪಾಗೇತಿ. ಸೀಸದ ನ್ಯೂಕ್ಲಿಯಸ್ಸು ಹೆಚ್ಚು ಸಾಂದ್ರ, ಕೈಯೇ ಸಾಕ್ಷಿ, ಅಂತ ಬರೆಸೀರಂತ."

ಅವರು ನನ್ನನ್ನೊಮ್ಮೆ ನೋಡಿದರು. ಆಮೇಲೆ ಹೋಗಿ ಮೊದಲ ಬೆಂಚಿನಲ್ಲಿ, ದರೋಜಿಯ ಹುಡುಗನೊಬ್ಬನನ್ನು ಒಳಗೆ ಸರಿಸಿ, ಕುಳಿತುಬಿಟ್ಟರು. ಪಕ್ಕದವನಿಂದ ಪೆನ್ನು ಇಸಿದುಕೊಂಡರು. ನಾನು ಬೋರ್ಡಿನ ಮೇಲೆ ನಾಲ್ಕೇ ಸಾಲಿನಲ್ಲಿ ಮುಗಿಸಿದೆ: ಸೀಸದ ನ್ಯೂಕ್ಲಿಯಸ್ಸಿನಲ್ಲಿ ಕಣಗಳು ಹೆಚ್ಚುಕಡಿಮೆ ಎಂಟು ಪಟ್ಟು, ಹಾಗಾಗಿ ದ್ರವ್ಯರಾಶಿ ಎಂಟು ಪಟ್ಟು, ಅದರ ತ್ರಿಜ್ಯ ಎರಡು ಪಟ್ಟು, ಹಾಗಾಗಿ ಗಾತ್ರವೂ ಎಂಟು ಪಟ್ಟು, ಎಂಟನ್ನು ಎಂಟರಿಂದ ಭಾಗಿಸಿದರೆ ಒಂದು. ಸುಣ್ಣ ಕೆಳಗಿಟ್ಟು ಕೈ ಕೊಡವಿದೆ.

"ಸರ್, ಆ ಮೂರನೇ ಸಾಲು ಇನ್ನೊಮ್ಮೆ ಹೇಳ್ರಿ" ಎಂದರು ಬೆಂಚಿನಿಂದ. ಹೇಳಿದೆ. ಬರೆದುಕೊಂಡರು. ಎದ್ದು ನಿಂತು ಹುಡುಗರ ಕಡೆ ತಿರುಗಿದರು. "ತಪ್ಪು ನಂದು. ನಿನ್ನೆ ಬರೆದಿದ್ದನ್ನ ಯಾರೂ ಹೊಡದು ಹಾಕಬ್ಯಾಡ್ರಿ, ಹಂಗ ಇರ್ಲಿ. ಬಾಜೂಕ ಸರಿ ಉತ್ತರ ಬರೀರಿ. ತಪ್ಪು ಮಾಡಿದವ್ರು ವಿರೂಪಾಕ್ಷಿ ಸರ್, ತಿದ್ದಿದವ್ರು ಶರಣಪ್ಪ ಸರ್, ಅದನ್ನೂ ಬರೀರಿ. ನನ್ನ ಕೈ ನನಗ ಸುಳ್ಳು ಹೇಳೇತಿ. ಯಾಕ ಹೇಳ್ತು ಅಂತ ನಾಳೆ ಕೇಳೋಣು."

ಇಡೀ ತರಗತಿ ಬಗ್ಗಿ ಬರೆಯತೊಡಗಿತು. ಬರೆಯದಿದ್ದವಳು ಪಲ್ಲವಿ ಒಬ್ಬಳೇ. ಅವಳು ತನ್ನ ನೋಟ್‌ಬುಕ್ಕನ್ನೇ ನೋಡುತ್ತಿದ್ದಳು. ಆಮೇಲೆ ಅದನ್ನು ಮುಚ್ಚಿ, ಮೇಲೆ ಎರಡೂ ಕೈ ಇಟ್ಟಳು. ಅವತ್ತು ಸಂಜೆ ಟೀಪಾಯಿಯ ಮೇಲೆ ನೋಟ್‌ಬುಕ್ಕುಗಳು ಇರಲಿಲ್ಲ. ಬ್ಯಾಗು ಅವಳ ಕೋಣೆಯಲ್ಲಿ, ಜಿಪ್ ಹಾಕಿತ್ತು.

ಮರುದಿನ ವಿರೂಪಾಕ್ಷಿ ಕಲ್ಲಿನ ಚೀಲದ ಬದಲು ಶೇಂಗಾ ಉಂಡೆ ತಂದಿದ್ದರು. ಒಂದು ಗೋಲಿಯಷ್ಟು, ಇನ್ನೊಂದು ಅದರ ಎಂಟು ಪಟ್ಟು. ಜೊತೆಗೆ ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿ. ಉಂಡೆ ಎರಡನ್ನೂ ಅವರ ಅಕ್ಕ ಒಂದೇ ಪಾಕದಲ್ಲಿ ಕಟ್ಟಿಕೊಟ್ಟಿದ್ದಂತೆ. ನನ್ನ ತರಗತಿಗೆ ಲೆಕ್ಕ ಬಿಡಿಸಲು ಕೊಟ್ಟು ನಾನು ಗೋಡೆಗೆ ಕಿವಿ ಕೊಟ್ಟಿದ್ದೆ.

"ಸಣ್ಣ ಉಂಡಿ ಅಲ್ಯೂಮಿನಿಯಂ, ದೊಡ್ಡ ಉಂಡಿ ಸೀಸ. ಎರಡರಾಗಿಂದ ಒಂದೊಂದು ಚಿವುಟು ತಗೀರಿ, ಅಷ್ಟಷ್ಟ. ಯಾವುದು ಗಟ್ಟಿ?"

"ಎರಡೂ ಒಂದ ಸರ್."

"ಈಗ ಉಂಡಿ ಡಬ್ಬಿಯಾಗ ಇಡ್ರಿ. ಮುಚ್ಚಳ ಹಾಕ್ರಿ. ಕೈಯಾಗ ಹಿಡೀರಿ. ಯಾವುದು ಭಾರ?"

"ದೊಡ್ಡುಂಡಿ ಡಬ್ಬಿ ಸರ್."

"ನಮ್ಮ ಕೈ ಇಷ್ಟು ದಿನ ಎತ್ತಿದ್ದು ಬರೇ ಡಬ್ಬಿ. ಉಂಡಿ ಯಾರೂ ಮುಟ್ಟಿಲ್ಲ. ಪರಮಾಣು ಅಂದ್ರ ಡಬ್ಬಿ, ಒಳಗ ಬೇಕಾದಷ್ಟು ಖಾಲಿ ಜಾಗ. ನಾ ಡಬ್ಬಿ ಎತ್ತಿ ಉಂಡಿ ಬಗ್ಗೆ ಸಾಕ್ಷಿ ಹೇಳಿದೆ, ಅದ ನನ್ನ ತಪ್ಪು. ಈಗ ಎರಡೂ ತಿನ್ರಿ."

ನನಗೆ ಇನ್ನೂ ಅರಗದ ವಿಷಯ ಇದು. ಸರಿಯಾದ ಉತ್ತರ ನನ್ನದು. ಆದರೆ ಆ ಬ್ಯಾಚಿನ ಯಾವ ಹುಡುಗನನ್ನಾದರೂ ಈಗ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳಿ, ನನ್ನ ನಾಲ್ಕು ಸಾಲು ಅವನಿಗೆ ನೆನಪಿಲ್ಲ, ವಿರೂಪಾಕ್ಷಿ ಸರ್ ತಪ್ಪು ಮಾಡಿದ ದಿನ ನೆನಪಿದೆ. ತಪ್ಪು ಮಾಡಿ ಹೀಗೆ ಗೆಲ್ಲಲು ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅವತ್ತು ಪಲ್ಲವಿ ದೊಡ್ಡ ಉಂಡೆಯ ಒಂದು ಚೂರನ್ನು ಕಾಗದದಲ್ಲಿ ಸುತ್ತಿ ತಂದು ಟೀಪಾಯಿಯ ಮೇಲಿಟ್ಟಿದ್ದಳು. ನಾನು ತಿನ್ನಲಿಲ್ಲ. ಬೆಳಿಗ್ಗೆ ಇರುವೆ ಮುತ್ತಿತ್ತು.

ಮರುವರ್ಷ ನಾನೂ ಬೇಕೆಂದೇ ತಪ್ಪು ಮಾಡಿ ನೋಡಿದೆ. 'ಸೀಸದ ನ್ಯೂಕ್ಲಿಯಸ್ಸು ಹೆಚ್ಚು ಸಾಂದ್ರ' ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಯಾರಾದರೂ ಎದ್ದು ನಿಲ್ಲಲಿ ಎಂದು ಕಾದೆ. ಇಡೀ ತರಗತಿ ಅಚ್ಚುಕಟ್ಟಾಗಿ ಬರೆದುಕೊಂಡಿತು. ಮಲಪನಗುಡಿಯ ಹುಡುಗಿಯೊಬ್ಬಳು ಕೈ ಎತ್ತಿದಳು. ನನಗೆ ಜೀವ ಬಂತು. "ಸರ್, ಇದು ಎಷ್ಟು ಮಾರ್ಕ್ಸಿಗೆ ಬರ್ತೈತಿ?" ಎಂದಳು. ನಾನೇ ಒರೆಸಿ, ನಾನೇ ತಿದ್ದಿದೆ. ಅದರ ಮುಂದಿನ ವರ್ಷದಿಂದ ಬೇರೆ ದಾರಿ ಹಿಡಿದೆ. ಆ ತಪ್ಪನ್ನು ನಾನೇ ಮಾಡಿದ್ದೆ ಎಂದು ಕಥೆ ಕಟ್ಟಿ ಹೇಳತೊಡಗಿದೆ, ಉಂಡೆ ಡಬ್ಬಿ ಸಹಿತ. ನನ್ನ ತರಗತಿ ಮೊದಲ ಬಾರಿಗೆ ನಕ್ಕಿತು. ಅವರ ಸರಿಯನ್ನೆಲ್ಲ ಕಂಡು ಕರುಬಿದವನು ಕಡೆಗೆ ಅವರ ತಪ್ಪನ್ನೂ ಕದ್ದೆ.

ಕದಿಯುವಾಗ ತಿಳಿಯದ ಒಂದು ವಿಷಯ ಆಮೇಲೆ ತಿಳಿಯಿತು. ವಿರೂಪಾಕ್ಷಿ ಪ್ರತಿ ವರ್ಷ ಆ ಪಾಠವನ್ನು ಒಂದೇ ರೀತಿ ಶುರು ಮಾಡುತ್ತಿದ್ದರಂತೆ: "ಇವತ್ತಿನ ತಪ್ಪು ನಂದು, ಉತ್ತರ ಬಾಜೂ ಸೆಕ್ಷನ್ ಶರಣಪ್ಪ ಸರ್‌ದು."

ಅವರಿಗೆ ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು. ಒಂದು ದಿನ ಸ್ಟಾಫ್ ರೂಮಿನಲ್ಲಿ ಪತ್ರಿಕೆಯ ಕಟ್ಟನ್ನು ಎತ್ತಿ, ಆಡಿಸಿ, ಏನೂ ಹೇಳದೆ ಕೆಳಗಿಟ್ಟರು. ಆಮೇಲೆ ರಜೆ ಹಾಕಿದರು. ರಜೆ ಬೆಳೆಯುತ್ತಾ ಹೋಯಿತು. ನಾನು ನೋಡಲು ಯಶವಂತನಗರಕ್ಕೆ ಹೋದದ್ದು ಅವರು ಕಾಲೇಜಿಗೆ ಬರದೆ ನಾಲ್ಕು ತಿಂಗಳಾದ ಮೇಲೆ. ಮನೆಯ ಮುಂದೆ ಲಾರಿಗಳ ಸಾಲು, ಅಂಗಳದ ತುಳಸಿಯ ಎಲೆಗಳ ಮೇಲೂ ಕೆಂಪು ಧೂಳು.

"ಬರ್ರಿ ಬರ್ರಿ ಸರ್, ಕುಂದ್ರಿ" ಎಂದು ಎದ್ದರು. ಅವರ ಅಕ್ಕ ಚಹ ತಂದಿಟ್ಟರು. ಅವರು ಲೋಟವನ್ನು ಎರಡೂ ಕೈಯಿಂದ, ಅದನ್ನೇ ನೋಡುತ್ತ ಎತ್ತಿದರು. "ಬೆರಳಿಗೆ ಏನೂ ತಿಳಿಯಂಗಿಲ್ರಿ ಈಗ. ಲೋಟ ಕಣ್ಣಿಲೇ ಹಿಡೀಬೇಕು. ಕಲ್ಲೂ ಒಂದ, ಹತ್ತೀನೂ ಒಂದ. ಎಲ್ಲಾದರದೂ ಸಾಂದ್ರತೆ ಒಂದ ಆಗೇತಿ ನೋಡ್ರಿ, ನಿಮ್ಮ ನಾಲ್ಕು ಸಾಲಿನಂಗ" ಎಂದು ನಕ್ಕರು.

ನಾಚಿಕೆ ಬಿಟ್ಟು ಹೇಳುತ್ತೇನೆ. ಆ ಕೈ ಈಗ ನನ್ನ ಕೈಯ ಹಾಗೇ ಆಯಿತಲ್ಲ ಎಂದು ಒಂದು ಗಳಿಗೆ ನನ್ನ ಮನಸ್ಸು ಹಗುರಾಯಿತು. ಮರುಗಳಿಗೆ, ಇಂಥ ಹೊತ್ತಿನಲ್ಲೂ ಈ ಮನುಷ್ಯನಿಗೆ ಹೀಗೆ ನಗಲು ಬರುತ್ತದಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಬಾಯಿ ಬಿಟ್ಟೆ.

"ಸರ್, ನಿಮ್ಮ ಆ ತಪ್ಪನ್ನ ನಾನು ನಂದು ಅಂತ ಹೇಳಿಕೊಂಡು ಪಾಠ ಮಾಡ್ತೀನಿ. ಮೂರು ವರ್ಷ ಆತು."

"ಗೊತ್ತೈತಿ. ನಿಮ್ಮ ಸೆಕ್ಷನ್ ಹುಡುಗ ಒಬ್ಬ ಬಂದು ಕೇಳಿದ್ದ, ಸರ್, ಆ ತಪ್ಪು ಖರೇ ಯಾರದು ಅಂತ. ಅವತ್ತು ಇಬ್ಬರೂ ಮಾಡಿದ್ವಿ ಅಂದೆ."

ನಾನು ಚಹದ ಲೋಟ ಕೆಳಗಿಟ್ಟೆ.

"ನನ್ನ ತಪ್ಪು ಯಾಕ ಬೇಕ್ರಿ ಸರ್ ನಿಮಗ? ನಿಮ್ಮದ ಒಂದಿತ್ತಲ್ಲ. 'ಕೈಯೇ ಸಾಕ್ಷಿ' ಅಂತ ನಾ ಬರೆಸಿರಲಿಲ್ರಿ. ಅದು ಪಲ್ಲವಿ ತಾನ ಸೇರಿಸಿದ್ದು. ಅವಳ ನೋಟ್‌ಬುಕ್ ಬಿಟ್ರ ಬ್ಯಾರೆ ಎಲ್ಲೂ ಇರಲಿಲ್ಲ." ಅವರ ದನಿಯಲ್ಲಿ ಚುಚ್ಚುವ ಭಾವ ಇರಲಿಲ್ಲ. ಹುಡುಗರಿಗೆ ಹೇಳುವ ಹಾಗೇ ಹೇಳಿದರು. "ಅದನ್ನ ಹೇಳ್ರಿ. ಕ್ಲಾಸಿನ್ಯಾಗ ಬ್ಯಾಡ. ಮನ್ಯಾಗ."

ಹೊರಡುವಾಗ ಬಾಗಿಲವರೆಗೆ ಬಂದರು. ನಾನು ಒಯ್ದಿದ್ದ ಮೋಸಂಬಿಯಲ್ಲಿ ಒಂದನ್ನು ತೆಗೆದು, ಹಳೆಯ ಚಾಳಿಯಂತೆ ಅಂಗೈ ಮೇಲೆ ಎರಡು ಸಲ ಆಡಿಸಿದರು. ಅದು ಜಾರಿ ಬಿತ್ತು. ನಾನು ಎತ್ತಿಕೊಟ್ಟೆ. ಅದೇ ಕೊನೆ. ಎರಡು ತಿಂಗಳ ನಂತರ ಅವರು ತೀರಿಕೊಂಡ ದಿನ ಕಾಲೇಜಿಗೆ ರಜೆ ಕೊಟ್ಟರು, ಸಂಡೂರಿನ ಬಸ್ಸಿನಲ್ಲಿ ನಮ್ಮ ಹಳೆಯ ಹುಡುಗರೇ ತುಂಬಿದ್ದರು. ನಾನು ಸತ್ತರೆ ಇಷ್ಟು ಜನ ಬರುತ್ತಾರೆಯೇ ಎಂದು ಆ ಬಸ್ಸಿನಲ್ಲೂ ನನಗೆ ಅನ್ನಿಸದೆ ಇರಲಿಲ್ಲ.

ಪಲ್ಲವಿ ಅವರ ಹಾದಿಯಲ್ಲೇ ಭೌತಶಾಸ್ತ್ರ ಹಿಡಿದು, ಈಗ ಬಳ್ಳಾರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಸಾವಿನ ಸುದ್ದಿ ಕೇಳಿ ಬಂದವಳು ನಾಲ್ಕು ದಿನ ಉಳಿದಳು. ಭಾನುವಾರ ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದಿದ್ದೆ. ಅವಳು ತಿನ್ನುತ್ತಿರುವಾಗ ಹೇಳಿದೆ, ತಯಾರಿ ಮಾಡಿಕೊಂಡಿದ್ದ ಮಾತೆಲ್ಲ ಮರೆತು.

"ಪಲ್ಲವಿ, ಆವಾಗ ನಿನ್ನ ನೋಟ್‌ಬುಕ್ ನಿನಗ ತಿಳೀದಂಗ ಓದ್ತಿದ್ದೆ. ಅವರ ತಪ್ಪು ಹುಡುಕಾಕ. ಅವರ ಮ್ಯಾಲೆ ನನಗ ಭಾಳ ಹೊಟ್ಟೆಕಿಚ್ಚಿತ್ತು. ಈಗೂ ಐತಿ."

ಅವಳು ಮಿರ್ಚಿಯ ತೊಟ್ಟನ್ನು ತಟ್ಟೆಯ ಅಂಚಿಗಿಟ್ಟಳು. "ಗೊತ್ತಿತ್ತಪ್ಪಾ. ನೀ ಬೋರ್ಡ್ ಮುಂದ ನಿಂತು ನನ್ನ ಸಾಲು ಹೇಳಿದಾಗ ಗೊತ್ತಾತು" ಎಂದಳು. ಇನ್ನೊಂದು ಮಿರ್ಚಿ ಎತ್ತಿಕೊಂಡು, "ಮರುದಿನ ಸರ್ ನನ್ನ ಕರೆದು, ದೊಡ್ಡುಂಡಿ ಚೂರು ಅಪ್ಪಗ ಒಯ್ಯಿ ಅಂತ ಕಾಗದದಾಗ ಸುತ್ತಿ ಕೊಟ್ಟಿದ್ರು" ಎಂದಳು. ಮತ್ತೆ ಮಂಡಕ್ಕಿ ತಿನ್ನತೊಡಗಿದಳು.

ಅವಳು ಸ್ನಾನಕ್ಕೆ ಹೋದ ಮೇಲೆ ನೋಡಿದೆ. ಟೀಪಾಯಿಯ ಮೇಲೆ ಅವಳ ಎಂ.ಎಸ್ಸಿ. ನೋಟ್‌ಬುಕ್ಕು ಇತ್ತು. ಮರೆತು ಬಿಟ್ಟಳೋ, ಬೇಕೆಂದೇ ಇಟ್ಟಳೋ, ನನಗೆ ತಿಳಿಯಲಿಲ್ಲ. ಪುಟ ತಿರುವಲಿಲ್ಲ. ಅಂಗೈ ಮೇಲಿಟ್ಟುಕೊಂಡು ಎರಡು ಸಲ ಮೇಲೆ ಕೆಳಗೆ ಆಡಿಸಿದೆ. ನನ್ನ ಕೈಗೆ ಏನೂ ಹೊಳೆಯಲಿಲ್ಲ. ವಿರೂಪಾಕ್ಷಿ ಇದ್ದಿದ್ದರೆ ಹೇಳಿಬಿಡುತ್ತಿದ್ದರು.